ಘಾಟಿ ಹತ್ತುವಾಗ ಟರ್ಬೊ ಕಾರಿನ ಪಿಕಪ್ ಹೋಗುತ್ತಿದೆಯಾ? ಟರ್ಬೊ ಬಿಚ್ಚಿಸುವ ಮೊದಲು ಪೈಪು ನೋಡಿಸಿ

ನೀವು ಕೇಳಿದ್ದು ಇಷ್ಟು. ಸುಮಾರು 90,000 ಕಿಲೋಮೀಟರ್ ಓಡಿದ ಡೀಸೆಲ್ ಕಾರು, ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇರುವಂಥದ್ದು. ಹೊಸನಗರದ ಸುತ್ತಮುತ್ತ ಓಡಾಡುವಾಗ ಏನೂ ತೊಂದರೆ ಇಲ್ಲ. ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತುವಾಗ ಮಾತ್ರ ಅರ್ಧ ದಾರಿಯಲ್ಲಿ ಪಿಕಪ್ ಹೋಗುತ್ತದೆ, ಎಂಜಿನ್ ಲೈಟ್ ಬರುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿ. ಸ್ಕ್ಯಾನ್ ಮಾಡಿದಾಗ ಪಿ0299 ಅಂತ ಕೋಡ್ ಬಂದಿದೆ. ಗ್ಯಾರೇಜಿನವರು ಟರ್ಬೊ ಬದಲಿಸಬೇಕು ಅಂದಿದ್ದಾರೆ. ಒಪ್ಪಲಾ ಬೇಡವಾ ಅಂತ ನಿಮ್ಮ ಪ್ರಶ್ನೆ.

ಈಗಲೇ ಒಪ್ಪಬೇಡಿ. ಆ ಕೋಡ್ ಟರ್ಬೊ ಹಾಳಾಗಿದೆ ಅಂತ ಎಲ್ಲೂ ಹೇಳುವುದಿಲ್ಲ. ಕಾರಿನ ಕಂಪ್ಯೂಟರ್ ಇಷ್ಟು ಗಾಳಿಯ ಒತ್ತಡ ಬೇಕು ಅಂತ ಕೇಳಿತು, ಅಷ್ಟು ಸಿಗಲಿಲ್ಲ. ಅದರ ಅರ್ಥ ಅಷ್ಟೇ. ಸಾಕಷ್ಟು ಗಾಳಿ ಇಲ್ಲದೆ ಡೀಸೆಲ್ ಸುರಿದರೆ ಎಂಜಿನ್‌ಗೆ ಪೆಟ್ಟು ಅಂತ ಅದು ಶಕ್ತಿ ಕಡಿಮೆ ಮಾಡುತ್ತದೆ. ಆಫ್ ಮಾಡಿ ಆನ್ ಮಾಡಿದಾಗ ಮತ್ತೊಮ್ಮೆ ಪ್ರಯತ್ನಿಸುತ್ತದೆ, ಅದಕ್ಕೇ ನಿಮಗೆ ಸ್ವಲ್ಪ ದೂರ ಸರಿ ಹೋದಂತೆ ಕಾಣುವುದು.

ತೋಟದಲ್ಲಿ ಕೊನೆಯ ಸ್ಪ್ರಿಂಕ್ಲರ್ ತಿರುಗದಿದ್ದರೆ ನಾವು ಮೊದಲೇ ಪಂಪ್‌ಸೆಟ್ ಬದಲಿಸುತ್ತೇವಾ? ಇಲ್ಲ, ಲೈನ್ ಉದ್ದಕ್ಕೂ ನಡೆದು ಎಲ್ಲಿ ಒಡೆದಿದೆ ಅಂತ ನೋಡುತ್ತೇವೆ. ಇಲ್ಲೂ ಅದೇ. ಗಾಳಿ ಫಿಲ್ಟರ್‌ನಿಂದ ಟರ್ಬೊಗೆ ಬರುತ್ತದೆ. ಅಲ್ಲಿಂದ ಹೋಸ್ ಪೈಪಿನಲ್ಲಿ, ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ ಹೋಗುತ್ತದೆ, ಇನ್ನೊಂದು ಹೋಸ್‌ನಲ್ಲಿ ಎಂಜಿನ್‌ಗೆ. ಈ ದಾರಿಯಲ್ಲಿ ರಬ್ಬರ್ ಇದೆ, ಕ್ಲಿಪ್ ಇದೆ, ಓ-ರಿಂಗ್ ಇದೆ. ಸಾಮಾನ್ಯವಾಗಿ ಟರ್ಬೊಗಿಂತ ಮೊದಲು ಸೋಲುವುದು ಇವೇ.

ನನಗೆ ಇದು ಎರಡು ಮಳೆಗಾಲದ ಹಿಂದೆ ಆಯಿತು. ನಮ್ಮ ಮನೆ ತೀರ್ಥಹಳ್ಳಿ ಕಡೆ. ಉಡುಪಿಯಲ್ಲಿ ಅಕ್ಕನ ಮನೆಗೆ ಹೋಗಿ, ಹೆಬ್ರಿ, ಸೋಮೇಶ್ವರದ ಮೇಲೆ ವಾಪಸ್ ಬರುತ್ತಿದ್ದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಾಲ್ಕೋ ಐದೋ ಆಗಿರಬೇಕು. ಎರಡನೇ ಗೇರ್, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇನೆ, ಕಾರು ಎಳೆಯುತ್ತಲೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ. ಹಿಂದಿನ ಸೀಟಿನಲ್ಲಿ ಅಮ್ಮ, ಹೊರಗೆ ಮಂಜು, ಹಿಂದೆ ಬಸ್ಸು. ಆ ಭಯ ನನಗೆ ಇನ್ನೂ ನೆನಪಿದೆ. ಕಿಟಕಿ ಇಳಿಸಿದಾಗ ಒಂದು ಶಬ್ದ ಕೇಳಿತು. ಪೆಡಲ್ ಒತ್ತಿದಾಗ ಸುಸ್ಸ್ ಅಂತ, ಬಿಟ್ಟಾಗ ಇಲ್ಲ.

ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, ಟರ್ಬೊ ಹೋಗಿದೆ, ನಲವತ್ತು ಸಾವಿರದ ಮೇಲಾಗುತ್ತದೆ ಅಂದರು. ಮನಸ್ಸು ಒಪ್ಪಲಿಲ್ಲ. ಶಿವಮೊಗ್ಗದಲ್ಲಿ ಡೀಸೆಲ್ ಕೆಲಸ ಮಾತ್ರ ಮಾಡುವ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಹೋಗುವ ಹೋಸ್‌ನ ಅಡಿಗೆ ಕೈ ಹಾಕಿ, ಉದ್ದಕ್ಕೂ ಸವರಿ, ಅಂಗೈ ತೋರಿಸಿದರು. ಕಪ್ಪಗೆ, ಎಣ್ಣೆ ಎಣ್ಣೆ. ಈ ಪೈಪಿನೊಳಗೆ ಎಂಜಿನ್ ಆಯಿಲ್‌ನ ಸಣ್ಣ ಆವಿ ಯಾವಾಗಲೂ ಇರುತ್ತದೆ. ಗಾಳಿ ಎಲ್ಲಿ ಸೋರುತ್ತದೋ ಅಲ್ಲಿ ಆ ಎಣ್ಣೆ ಹೊರಗೆ ಬಂದು ಧೂಳು ಹಿಡಿಯುತ್ತದೆ. ಆಮೇಲೆ ಅವರು ಹೋಸ್ ಅನ್ನು ಸ್ವಲ್ಪ ಬಗ್ಗಿಸಿದರು. ಅಡಿಭಾಗದಲ್ಲಿ ಎರಡು ಇಂಚು ಉದ್ದದ ಸೀಳು ಬಾಯಿ ಬಿಟ್ಟಿತು. ಕೈ ತೆಗೆದರೆ ಮುಚ್ಚಿಕೊಂಡಿತು. ಒಂದು ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಹಾಗಾಗಿತ್ತು. ಮೇಲಿನಿಂದ ಎಷ್ಟು ನೋಡಿದರೂ ಕಾಣುತ್ತಿರಲಿಲ್ಲ. ಹೋಸ್ ಬದಲಿಸಿದೆವು. ಟರ್ಬೊ ಅದೇ ಹಳೇದು, ಇವತ್ತಿಗೂ ಓಡುತ್ತಿದೆ.

ನಿಮ್ಮದು ಘಾಟಿಯಲ್ಲೇ ಕೈಕೊಡುವುದಕ್ಕೂ ಇದೇ ಕಾರಣ ಇರಬಹುದು. ಊರೊಳಗೆ ಓಡಿಸುವಾಗ ಪೈಪಿನಲ್ಲಿ ಒತ್ತಡ ಕಡಿಮೆ, ಸೀಳು ಮುಚ್ಚಿಕೊಂಡೇ ಇರುತ್ತದೆ. ಏರಿನಲ್ಲಿ ಟರ್ಬೊ ಪೂರ್ತಿ ದುಡಿಯುತ್ತದೆ. ರಬ್ಬರ್ ಬಿಸಿಯಾಗಿ ಮೆತ್ತಗಾಗುತ್ತದೆ, ಉಬ್ಬುತ್ತದೆ, ಸೀಳು ತೆರೆದುಕೊಳ್ಳುತ್ತದೆ. ಗ್ಯಾರೇಜಿನ ಅಂಗಳದಲ್ಲಿ ನಿಂತು ರೇಸ್ ಮಾಡಿದರೆ ಏನೂ ಗೊತ್ತಾಗದಿರುವುದೂ ಇದಕ್ಕೇ.

ಹಾಗಾಗಿ ಪ್ರೆಷರ್ ಟೆಸ್ಟ್ ಮಾಡಿಸಿ. ದೊಡ್ಡ ಮೆಷಿನ್ ಏನೂ ಬೇಡ. ತೋಟದ ಪೈಪು ಮಾರುವ ಅಂಗಡಿಯಲ್ಲಿ ಟರ್ಬೊ ಇನ್‌ಲೆಟ್ ಹೋಸ್‌ನ ಅಳತೆಗೆ ಕೂರುವ ಪಿವಿಸಿ ಎಂಡ್ ಕ್ಯಾಪ್ ಸಿಗುತ್ತದೆ. ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ಏರ್ ಫಿಲ್ಟರ್ ಕಡೆಯ ಹೋಸ್ ಬಿಚ್ಚಿ ಅಲ್ಲಿ ಈ ಕ್ಯಾಪ್ ಹಾಕಿ ಕ್ಲಿಪ್ ಬಿಗಿ ಮಾಡಿ. ಎಂಜಿನ್‌ನಿಂದ ಈ ಹೋಸ್‌ಗೆ ಬಂದು ಸೇರುವ ಬ್ರೀದರ್ ಪೈಪನ್ನು ಬಿಚ್ಚಿ, ಹೋಸ್‌ನಲ್ಲಿ ಉಳಿಯುವ ತೂತು ಮುಚ್ಚಬೇಕು. ಇದನ್ನು ಮರೆಯಬೇಡಿ. ಇಲ್ಲದಿದ್ದರೆ ಗಾಳಿ ಎಂಜಿನ್‌ನ ಹೊಟ್ಟೆಗೆ ನುಗ್ಗಿ ಆಯಿಲ್ ಸೀಲ್ ಕೆಡಬಹುದು. ಆಮೇಲೆ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ನಿಧಾನಕ್ಕೆ 10 ಪಿಎಸ್‌ಐ ಗಾಳಿ ಬಿಡಿ, 15 ದಾಟಬೇಡಿ. ಟೈರಿನ ಲೆಕ್ಕದಲ್ಲಿ 30 ತುಂಬಿದರೆ ಕ್ಯಾಪ್ ಹಾರಿ ಮುಖಕ್ಕೆ ಬಡಿಯುತ್ತದೆ. ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಈಗ ಸೋಪಿನ ನೀರು ಪ್ರತಿ ಜಾಯಿಂಟಿಗೂ ಹಚ್ಚಿ. ಹೋಸ್‌ಗಳ ಅಡಿಭಾಗ, ಇಂಟರ್‌ಕೂಲರ್‌ನ ಮೂಲೆಗಳು, ಪ್ಲಾಸ್ಟಿಕ್ ಕೂಡುವ ಜಾಗ, ಎಲ್ಲ. ಗುಳ್ಳೆ ಎದ್ದಲ್ಲಿ ನಿಮ್ಮ ಉತ್ತರ ಇದೆ. ಎಂಜಿನ್ ವಾಲ್ವ್‌ಗಳ ಮೂಲಕ ಸ್ವಲ್ಪ ಗಾಳಿ ಹೋಗೇ ಹೋಗುತ್ತದೆ, ಒತ್ತಡ ಮೆಲ್ಲಗೆ ಇಳಿದರೆ ಗಾಬರಿ ಬೇಡ.

ಪೈಪುಗಳಲ್ಲಿ ಸೋರಿಕೆ ಇಲ್ಲ ಅಂದುಕೊಳ್ಳಿ. ಮುಂದಿನದು ಆಕ್ಚುಯೇಟರ್, ಅಂದರೆ ಟರ್ಬೊ ಎಷ್ಟು ಗಾಳಿ ಕೊಡಬೇಕು ಅಂತ ಹಿಡಿತದಲ್ಲಿಡುವ ಭಾಗ. ನಿಮ್ಮ ಕಾರಿನದು ವೇರಿಯಬಲ್ ಟರ್ಬೊ (ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು) ಆಗಿದ್ದು ಆಕ್ಚುಯೇಟರ್ ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿಯ ಎಳೆತದಿಂದ, ನಡೆಯುವಂಥದ್ದಾದರೆ, ಸ್ಟಾರ್ಟ್ ಮಾಡಿದಾಗ ಟರ್ಬೊ ಪಕ್ಕದ ಸಣ್ಣ ಕಡ್ಡಿ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ವಾಪಸ್ ಬರಬೇಕು. ಅಲುಗಲೇ ಇಲ್ಲ ಅಂದರೆ ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪ ಇರುವ ವ್ಯಾಕ್ಯೂಮ್ ಪೈಪುಗಳನ್ನು ನೋಡಿ. ನಮ್ಮ ಕಡೆ ಇಲ್ಲಿ ಇಲಿಯ ಕಾಟ ಜಾಸ್ತಿ ಅಲ್ವಾ? ಮಳೆಗಾಲದಲ್ಲಿ ಕಾರನ್ನು ಕೊಟ್ಟಿಗೆ ಪಕ್ಕದಲ್ಲೋ ಅಡಿಕೆ ರಾಶಿಯ ಹತ್ತಿರವೋ ನಿಲ್ಲಿಸಿರುತ್ತೇವೆ. ಬೆಚ್ಚಗಿನ ಎಂಜಿನ್ ಮೇಲೆ ಬಂದು ಕೂರುವ ಇಲಿಗೆ ಆ ರಬ್ಬರ್ ಪೈಪು ಒಂದು ರಾತ್ರಿಯ ಕೆಲಸ. ಬಾನೆಟ್ ಒಳಗೆ ದರಗು, ಹುಲ್ಲು, ಹಿಕ್ಕೆ ಕಂಡರೆ ಪ್ರತಿ ಪೈಪನ್ನೂ ಬೆರಳಲ್ಲಿ ಮುಟ್ಟಿ ನೋಡಿ.

ಪೈಪೆಲ್ಲ ಸರಿ, ಕಡ್ಡಿ ಮಾತ್ರ ಬಿಗಿ ಅಂದರೆ ಟರ್ಬೊ ಒಳಗಿನ ರೆಕ್ಕೆಗಳಿಗೆ ಮಸಿ ಕಟ್ಟಿರಬಹುದು. ಯಾವಾಗಲೂ ಕಡಿಮೆ ಆರ್‌ಪಿಎಂನಲ್ಲೇ ಓಡುವ ಕಾರಿಗೆ ಹೀಗಾಗುತ್ತದೆ. ಬಿಚ್ಚಿ ಕ್ಲೀನ್ ಮಾಡಿದರೆ ಎಷ್ಟೋ ಸಲ ಸಾಕಾಗುತ್ತದೆ.

ಗಾಳಿಯ ಒತ್ತಡ ಅಳೆಯುವ ಸೆನ್ಸರ್ (ಮ್ಯಾಪ್ ಸೆನ್ಸರ್) ಬಗ್ಗೆ ಅನುಮಾನ ಇದ್ದರೆ ಸುಲಭದ ಪರೀಕ್ಷೆ ಇದೆ. ಫೋನ್‌ಗೆ ರೀಡಿಂಗ್ ಕಳಿಸುವ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಮ್ಯಾಪ್ ಸೆನ್ಸರ್ ರೀಡಿಂಗ್ ನೋಡಿ. ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಕುಂದಾಪುರದಲ್ಲಿ ಸುಮಾರು 101 ಕಿಲೋಪಾಸ್ಕಲ್, ಶಿವಮೊಗ್ಗದ ಎತ್ತರದಲ್ಲಿ ಸುಮಾರು 94-95. ತುಂಬಾ ವ್ಯತ್ಯಾಸ ಇದ್ದರೆ ಸೆನ್ಸರ್ ಬಿಚ್ಚಿ ಎಣ್ಣೆ ಮಸಿ ಒರೆಸಿ. ಘಾಟಿಯಲ್ಲಿ ಪೂರ್ತಿ ಪೆಡಲ್ ಒತ್ತಿದಾಗ ಇದೇ ರೀಡಿಂಗ್ ಸಾಮಾನ್ಯವಾಗಿ 200ರ ಆಸುಪಾಸು ಹೋಗಬೇಕು. 130-140ಕ್ಕೇ ನಿಂತರೆ ಗಾಳಿ ಎಲ್ಲೋ ಹೋಗುತ್ತಿದೆ ಅಥವಾ ಹುಟ್ಟುತ್ತಲೇ ಇಲ್ಲ. ಫೋನ್ ನೋಡುವುದು ಪಕ್ಕದಲ್ಲಿ ಕೂತವರು, ಓಡಿಸುವವರಲ್ಲ. ಹುಲಿಕಲ್ ರಸ್ತೆ ಹೇಗಿದೆ ಅಂತ ನಿಮಗೇ ಗೊತ್ತು. ಒದ್ದೆಯಾದ ಏರ್ ಫಿಲ್ಟರ್, ತೆರೆದೇ ನಿಂತ ಇಜಿಆರ್ ವಾಲ್ವ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್‌ಗೆ ವಾಪಸ್ ಬಿಡುವ ವಾಲ್ವ್), ಕಟ್ಟಿಕೊಂಡ ಸೈಲೆನ್ಸರ್ ಇವೂ ಕಾರಣ ಆಗಬಹುದು, ನೋಡಿಸಿ.

ಇಷ್ಟೆಲ್ಲ ಆದ ಮೇಲೆ ಟರ್ಬೊ. ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ ಹೋಸ್ ತೆಗೆದು ಒಳಗಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿ. ನುಣ್ಣಗೆ ತಿರುಗಬೇಕು. ಅಕ್ಕಪಕ್ಕಕ್ಕೆ ಚೂರು ಅಲುಗಿದರೆ ಅದು ಸಹಜ. ಹಿಂದೆ ಮುಂದೆ ಎಳೆದಾಡುವಂತಿದ್ದರೆ, ರೆಕ್ಕೆಗಳು ಗೋಡೆಗೆ ಉಜ್ಜಿದ ಗೆರೆ ಇದ್ದರೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ನಿಮ್ಮ ಗ್ಯಾರೇಜಿನವರು ಹೇಳಿದ್ದೇ ಸರಿ. ಆಗ ಬದಲಿಸಿ, ಬೇಜಾರು ಬೇಡ. ಆದರೆ ಆಯಿಲ್ ಪೈಪು ಕಟ್ಟಿಕೊಂಡಿದ್ದರಿಂದ ಹಾಳಾಯಿತಾ ಅಂತಲೂ ನೋಡಲು ಹೇಳಿ. ಇಲ್ಲದಿದ್ದರೆ ಹೊಸದೂ ಹಾಗೇ ಹೋಗುತ್ತದೆ.

ಸೋರಿಕೆ ಇದ್ದೂ ಸುಮ್ನೆ ಓಡಿಸುತ್ತಾ ಇರಬೇಡಿ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ 1.5 ಲಕ್ಷ ಸುತ್ತು ದಾಟುತ್ತದೆ. ಹೋದ ಗಾಳಿ ತುಂಬಿಕೊಡಲು ಅದು ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ. ಇವತ್ತು ಹೋಸ್‌ನಲ್ಲಿ ಮುಗಿಯುವುದು ನಾಳೆ ನಿಜಕ್ಕೂ ಟರ್ಬೊಗೆ ಬರಬಹುದು. ಹೊಸ ಹೋಸ್ ಹಾಕಿಸಿದರೆ ಹಳೇದು ಉಜ್ಜುತ್ತಿದ್ದ ಜಾಗಕ್ಕೆ ರಬ್ಬರ್ ತುಂಡು ಕಟ್ಟಿಸಿ, ಕೋಡ್ ಅಳಿಸಿ ಮತ್ತೆ ಅದೇ ಘಾಟಿ ಹತ್ತಿ ನೋಡಿ. ಮನೆಗೆ ಬಂದು ಎಂಜಿನ್ ತಣ್ಣಗಾದ ಮೇಲೆ ಕ್ಲಿಪ್ ಇನ್ನೊಮ್ಮೆ ಬಿಗಿ ಮಾಡಿ.