ಚಿತ್ರದುರ್ಗದಂಥ ಊರಿನ ಶಾಲಾ ಮಕ್ಕಳನ್ನು ಸೋಲಾರ್, ಗಾಳಿ ವಿದ್ಯುತ್ತಿನಂಥ ಕೆಲಸಗಳಿಗೆ ಹೇಗೆ ತಯಾರು ಮಾಡಬೇಕು?

ದಿನಾ ಕಣ್ಣಿಗೆ ಬೀಳುವುದರಿಂದಲೇ ಶುರು ಮಾಡಿ. ಇಲ್ಲಿನ ಮಕ್ಕಳು ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡುತ್ತಲೇ ಬೆಳೆಯುತ್ತಾರೆ. ಅದರೊಳಗೆ ಏನಿದೆ, ಕೆಟ್ಟರೆ ಯಾರು ಹತ್ತಿ ರಿಪೇರಿ ಮಾಡುತ್ತಾರೆ ಅನ್ನುವುದೂ ಒಂದು ಪಾಠವೇ ಅಲ್ವಾ?

ಎಂಟನೇ ಕ್ಲಾಸಿನವರ ಕೈಗೆ ಒಂದು ಸಣ್ಣ ಸೋಲಾರ್ ಪ್ಯಾನೆಲ್, ಕರೆಂಟ್, ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಕೊಡಿ. ಅಂಗೈ ಅಡ್ಡ ಹಿಡಿದರೆ ಕರೆಂಟ್ ತಟ್ಟನೆ ಇಳಿಯುತ್ತದೆ. ಪ್ಯಾನೆಲ್ ಕಾದಷ್ಟೂ ವೋಲ್ಟೇಜ್ ಕಡಿಮೆಯಾಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಸ್ವಲ್ಪ ಏರುತ್ತದೆ. ಬಿಸಿಲು ಜಾಸ್ತಿಯಾದರೆ ಎಲ್ಲವೂ ಜಾಸ್ತಿ ಅಂದುಕೊಂಡ ಮಕ್ಕಳು ಇದನ್ನು ಮರೆಯುವುದಿಲ್ಲ. ಸುಮ್ನೆ ಪರಿಸರ ದಿನಕ್ಕೆ ಚಿತ್ರ ಬರೆಸುವುದಕ್ಕಿಂತ ಇದು ಎಷ್ಟೋ ಮೇಲು.

ಒಂಬತ್ತು, ಹತ್ತಕ್ಕೆ ಬಂದಾಗ ಪಾವಗಡದ ಸೋಲಾರ್ ಪಾರ್ಕಿಗೆ ಕರೆದುಕೊಂಡು ಹೋಗಿ. ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಅಂಥ ಕಡೆ ಇಂಜಿನಿಯರುಗಳಷ್ಟೇ ಅಲ್ಲ, ವೈರಿಂಗ್ ಮಾಡುವವರು, ಇನ್ವರ್ಟರ್ ನೋಡಿಕೊಳ್ಳುವವರು, ಲೆಕ್ಕ ಇಡುವವರೂ ಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರೀಷಿಯನ್ ಕೋರ್ಸ್ ಮಾಡಿದವರಿಗೂ ಇಲ್ಲಿ ದಾರಿಯಿದೆ. ಐಟಿಐ ಅಂದರೆ ಮುಖ ಸಿಂಡರಿಸುವ ಅಪ್ಪ ಅಮ್ಮಂದಿರನ್ನೂ ಆ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ.