ವೈಟುಕೆ (Y2K, ಅಂದರೆ 2000ನೇ ವರ್ಷದ ಕಂಪ್ಯೂಟರ್ ದೋಷ) ಭೀತಿಯ ಸುದ್ದಿಗಳನ್ನೂ ಆಗಿನ ಜನಾಭಿಪ್ರಾಯವನ್ನೂ ಸಂಗ್ರಹಿಸಿಡುವುದು ಹೇಗೆ?

ಮೊದಲು ಕಾಲಮಿತಿ ಗೊತ್ತುಮಾಡಿ. ಎರಡೇ ಅಂಕಿಯಲ್ಲಿ ವರ್ಷ ಬರೆಯುತ್ತಿದ್ದ ಪ್ರೋಗ್ರಾಮುಗಳು 2000ವನ್ನು 1900 ಎಂದು ಓದಿ ಕೈಕೊಡುತ್ತವೆ ಎಂಬ ಭಯ ಮನೆಮಾತಾದದ್ದು 1998-99ರಲ್ಲಿ. ಆದರೆ ಕಂಪ್ಯೂಟರ್ ತಜ್ಞ ಪೀಟರ್ ಡಿ ಯಾಗರ್ ಕಂಪ್ಯೂಟರ್‌ವರ್ಲ್ಡ್ ಪತ್ರಿಕೆಯಲ್ಲಿ 1993ರಲ್ಲೇ ಎಚ್ಚರಿಸಿದ್ದರು. 2000 ಅಧಿಕ ವರ್ಷವೆಂದು ಕೆಲವು ಪ್ರೋಗ್ರಾಮುಗಳು ಗುರುತಿಸಲಾರವೆಂದು ಆ ವರ್ಷದ ಫೆಬ್ರವರಿ 29ರ ಬಗ್ಗೆಯೂ ಆತಂಕವಿತ್ತು. ಹಾಗಾಗಿ 1993ರಿಂದ 2000ದ ಮಾರ್ಚ್‌ವರೆಗೆ ಹುಡುಕಿ.

ಕೆಡುವುದನ್ನು ಮೊದಲು ಉಳಿಸಿ: ವಿಎಚ್‌ಎಸ್ ಟೇಪು, ಆಮೇಲೆ ಪತ್ರಿಕೆ. ಪತ್ರಿಕೆಯ ಕಾಗದದಲ್ಲಿ ಆಮ್ಲವಿರುವುದರಿಂದ ಅದು ಹಳದಿಯಾಗಿ ಪುಡಿಯಾಗುತ್ತದೆ, ಸೆಲೋಟೇಪ್ ಅಂಟಿಸಬೇಡಿ. ಸುದ್ದಿಯನ್ನಷ್ಟೇ ಕತ್ತರಿಸದೆ ಇಡೀ ಪುಟವನ್ನು 400 ಡಿಪಿಐನಲ್ಲಿ (ಇಂಚಿಗೆ 400 ಚುಕ್ಕಿ) ಟಿಫ್ (TIFF) ಚಿತ್ರವಾಗಿ ಸ್ಕ್ಯಾನ್ ಮಾಡಿ. ಸುದ್ದಿ ಯಾವ ಮೂಲೆಯಲ್ಲಿತ್ತು, ಪಕ್ಕದಲ್ಲಿ ಜನರೇಟರ್ ಜಾಹೀರಾತು ಇತ್ತೇ ಎಂಬುದೂ ದಾಖಲೆಯೇ.

ವೆಬ್ ಪುಟಗಳನ್ನು ವಾರ್ಕ್ (WARC, ಪುಟವನ್ನು ಅದರ ಚಿತ್ರ, ಕೋಡ್ ಸಮೇತ ಉಳಿಸುವ ಮಾದರಿ) ಕಡತವಾಗಿ ಉಳಿಸಿ, ಜೊತೆಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಗ ಕೆಲವು ತಾಣಗಳು ವರ್ಷವನ್ನು 19100 ಎಂದು ತೋರಿಸಿದ್ದವು. ವರ್ಷವನ್ನು ಹಾಗೆ ತೋರಿಸಿದ ಸ್ಕ್ರಿಪ್ಟನ್ನು (ಪುಟದೊಳಗಿನ ಪುಟ್ಟ ಪ್ರೋಗ್ರಾಮನ್ನು) ಇಂದು ತೆರೆದರೆ ಅದು ನಿಮ್ಮ ಕಂಪ್ಯೂಟರಿನ ಗಡಿಯಾರ ನೋಡಿ ಬೇರೆಯೇ ಅಂಕಿ ತೋರಿಸಬಹುದು. ಹಳೆಯ ವೆಬ್ ಪುಟಗಳನ್ನು ಸಂಗ್ರಹಿಸಿಟ್ಟಿರುವ ವೇಬ್ಯಾಕ್ ಮೆಷಿನ್ ತಾಣದ ಒಂದೇ ಪುಟದಲ್ಲಿ ಪಠ್ಯ ಒಂದು ದಿನದ್ದು, ಚಿತ್ರ ಇನ್ನೊಂದು ದಿನದ್ದು ಇರುವುದುಂಟು. ಎರಡರ ದಿನಾಂಕವನ್ನೂ ಬರೆದಿಡಿ.

ಕಡತದ ಹೆಸರು 1999-12-31 ಮಾದರಿಯಲ್ಲಿರಲಿ (ವರ್ಷಕ್ಕೆ ನಾಲ್ಕಂಕಿ, ಇಲ್ಲಂತೂ!). ಪ್ರತಿ ಕಡತಕ್ಕೂ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ಪತ್ತೆಹಚ್ಚುವ ಸಂಕೇತ) ಇರಲಿ. ಮೂರು ಪ್ರತಿಗಳಲ್ಲಿ ಒಂದು ಬೇರೆ ಊರಿನಲ್ಲಿರಲಿ.

ಜನಾಭಿಪ್ರಾಯಕ್ಕೆ ಸಂಪಾದಕರಿಗೆ ಬಂದ ಪತ್ರ, ವ್ಯಂಗ್ಯಚಿತ್ರ, ಬ್ಯಾಂಕುಗಳ ಪ್ರಕಟಣೆ, ಸಮೀಕ್ಷೆಗಳು ಒಳ್ಳೆಯ ಆಕರ. ಇಂದಿನ ಸಂದರ್ಶನಗಳನ್ನು ಇವುಗಳೊಂದಿಗೆ ಬೆರೆಸಬೇಡಿ. ದೊಡ್ಡ ಅನಾಹುತ ಆಗಲಿಲ್ಲವೆಂದು ಗೊತ್ತಾದ ಮೇಲೆ ‘ನಾನಂತೂ ಹೆದರಿರಲಿಲ್ಲ’ ಎನ್ನುವವರೇ ಹೆಚ್ಚು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಕೋಡನ್ನು ತಿದ್ದಿದವರ ಮಾತು ಬೇರೆ: ಅದನ್ನು ದುರಸ್ತಿಯ ದಾಖಲೆಯಾಗಿ ಪ್ರತ್ಯೇಕವಾಗಿಡಿ.