ಬಿಸಿಲು ಬಿದ್ದ ಮೇಲೂ ದ್ರಾಕ್ಷಿಗೆ ಡೌನಿ (ಬೂಜು ರೋಗ) ಬಂದದ್ದು ಯಾಕೆ?

ಪ್ರಶ್ನೆ: ದ್ರಾಕ್ಷಿಗೆ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮಾಡಿ 35 ದಿನ ಆಗಿದೆ. ಎರಡು ದಿನ ಜಿಟಿಜಿಟಿ ಮಳೆ ಹಿಡಿದಿತ್ತು. ನಿಂತ ಮರುದಿನವೇ ಮ್ಯಾಂಕೋಜೆಬ್ ಹೊಡೆದೆ. ಒಳ್ಳೆ ಬಿಸಿಲೂ ಬಿತ್ತು. ಆದರೂ ಐದನೇ ದಿನ ಎಲೆ ಮೇಲೆ ಎಣ್ಣೆ ಕಲೆ ಎದ್ದಿವೆ. ಔಷಧಿ ನಕಲಿ ಇರಬಹುದೇ?
– ಬೆಳೆಗಾರರು, ಜತ್ತ ತಾಲ್ಲೂಕು

ಉತ್ತರ: ಔಷಧಿಗಿಂತ ಮೊದಲು ಹೊಡೆದ ದಿನವನ್ನು ನೋಡಿ. ರೋಗ ಒಳಹೊಕ್ಕದ್ದು ಮಳೆಯಲ್ಲಿ, ಕಣ್ಣಿಗೆ ಬಿದ್ದದ್ದು ಬಿಸಿಲಲ್ಲಿ. 18ರಿಂದ 25 ಡಿಗ್ರಿ ಉಷ್ಣತೆ ಇದ್ದು ಎಲೆ ಎರಡು–ಮೂರು ತಾಸು ಒದ್ದೆಯಾಗಿದ್ದರೆ ಸಾಕು, ಡೌನಿಯ ಕಣಗಳು ಆ ನೀರಿನಲ್ಲೇ ಈಜಿ ಎಲೆಯಡಿಯ ರಂಧ್ರ ಸೇರುತ್ತವೆ. ಕಲೆ ಏಳಲು ಮುಂದೆ ನಾಲ್ಕರಿಂದ ಏಳು ದಿನ. ಮ್ಯಾಂಕೋಜೆಬ್ ಎಲೆ ಮೇಲೆ ಕೂತು ಕಾಯುವಂಥದ್ದು, ಒಳಗಿನ ರೋಗವನ್ನು ಅದು ಮುಟ್ಟದು. ಲೀಟರಿಗೆ 2 ಗ್ರಾಂನಂತೆ ಮಳೆಗೆ ಮುಂಚೆಯೇ ಬೀಳಬೇಕಿತ್ತು. ಹೊಡೆದ ಮೇಲೆ ಚಿಗುರಿದ ಎಲೆಗೂ ಅದರ ರಕ್ಷಣೆ ಇರುವುದಿಲ್ಲ.

ಖಾತ್ರಿಗೆ ಕಲೆಯಿದ್ದ ನಾಲ್ಕು ಎಲೆಗಳನ್ನು ಒದ್ದೆ ಕಾಗದದ ಜತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿ ಕತ್ತಲಲ್ಲಿಡಿ. ಬೆಳಿಗ್ಗೆ ಎಲೆಯಡಿ ಬಿಳಿ ತುಪ್ಪಟ ಕಂಡರೆ ಡೌನಿಯೇ. ಹಾಗಿದ್ದರೆ ತಡ ಮಾಡಬೇಡಿ, ಹೂಗೊಂಚಲಿಗೆ ಹತ್ತಿದರೆ ಕಂದಿ ಉದುರುತ್ತದೆ, ಹೋದ ಗೊಂಚಲು ಮರಳದು. ಎಲೆಯೊಳಗೂ ಇಳಿಯುವ ಡೈಮೆಥೋಮಾರ್ಫ್ 50% ಪುಡಿ 1 ಗ್ರಾಂ, ಮ್ಯಾಂಕೋಜೆಬ್ 2 ಗ್ರಾಂ, ಒಂದು ಲೀಟರ್ ನೀರಿಗೆ. ಎಲೆಯಡಿ ಪೂರ್ತಿ ನೆನೆಯಬೇಕು. ಮುಂದಿನ ಸಲ ಡೈಮೆಥೋಮಾರ್ಫ್ ಬದಲಿಸಿ, ಇಲ್ಲವಾದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಮಳೆ ಇಲ್ಲದ ದಿನವೂ ಇಬ್ಬನಿ ಸಾಕಷ್ಟು ನೀರು ಕೊಡುತ್ತದೆ. ಬೆಳಿಗ್ಗೆ ಹತ್ತಕ್ಕೂ ಒಳಗಿನ ಎಲೆ ಒದ್ದೆ ಇದ್ದರೆ ಚಪ್ಪರ ದಟ್ಟವಾಗಿದೆ ಎಂದೇ ಲೆಕ್ಕ. ಗೊಂಚಲಿಲ್ಲದ ಹೆಚ್ಚುವರಿ ಚಿಗುರು ತೆಗೆದು, ಉಳಿದವನ್ನು ತಂತಿಗೆ ಕಟ್ಟಿ, ಗಾಳಿ ಆಡುವಂತೆ ಮಾಡಿ. ನಮ್ಮ ಮಟ್ಟಿಗೆ ಇದು ಒಂದು ಸಿಂಪಡಣೆಗಿಂತ ಮೇಲು.

ಪ್ರಶ್ನೆ: ಮಳೆ, ಇಬ್ಬನಿ ಎರಡೂ ಇಲ್ಲ. ಆದರೂ ಬೂದಿ ರೋಗ. ಗಂಧಕ ಹೊಡೆದರೆ ಕಾಯಿ ಸುಟ್ಟವು.
– ಓದುಗರು, ಅಕ್ಕಲಕೋಟ

ಉತ್ತರ: ಬೂದಿಗೆ ಎಲೆ ಮೇಲೆ ನೀರು ಬೇಕಿಲ್ಲ. ಮೋಡದ ಮಂದ ಬೆಳಕು, ಗಾಳಿಯಲ್ಲಿ ತೇವ, 21ರಿಂದ 30 ಡಿಗ್ರಿ ಉಷ್ಣತೆ ಅದಕ್ಕೆ ಹಿತ. ಆದ್ದರಿಂದಲೇ ಅದು ದಟ್ಟ ಚಪ್ಪರದ ನೆರಳಲ್ಲಿ ಮೊದಲು ಕಾಣುತ್ತದೆ. ಕಾಯಿ ಸುಟ್ಟದ್ದು ಬಹುಶಃ ಬಿಸಿಲೇರಿದ ಮೇಲೆ ಹೊಡೆದದ್ದಕ್ಕೆ. 80% ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಾಕು. ಉಷ್ಣತೆ 32 ಡಿಗ್ರಿ ದಾಟುವ ದಿನ ಸಂಜೆ ತಂಪಲ್ಲಷ್ಟೇ ಹೊಡೆಯಿರಿ, ಎಣ್ಣೆಯ ಔಷಧಿ ಜತೆ ಬೆರೆಸಬೇಡಿ. ಕಾಯಿ ಮೆತ್ತಗಾದ ಮೇಲೆ ಹೊಡೆದರೆ ಗಂಧಕದ ಬಿಳಿ ಕಲೆ ಉಳಿದು ದರ ಇಳಿಯುತ್ತದೆ, ಆಗ ಗಂಧಕ ಬೇಡ.